ಮನೆಯಂಗಳದ ಬೆಸುಗೆ: ಒಂದು ವಿಚಾರ

ಕನ್ನಡ ಪಂಡಿತನಾದವನು ಸ್ಮರಣ ಸಂಚಿಕೆಗೆ ಬರೆಯುವುದಾದರೆ ಷಟ್ಪದಿಯನ್ನೋ ಚಂಪುವನ್ನೋ ಕುರಿತು ಬರೆಯಬೇಕೆಂಬುದು ವಾಡಿಕೆ. ಸಂಪಾದಕ ಮಂಡಳಿಯವರೂ ನನ್ನಿಂದ ಅದನ್ನೇ ನಿರೀಕ್ಷಿಸಿದ್ದರೆಂದು ಬಲ್ಲೆ. ಆದರೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ಸಹೋದ್ಯೋಗಿಗಳಾದ ಅಧ್ಯಾಪಕರಲ್ಲಿಯೂ ಕೆಲವು ವರ್ಷಗಳಿಂದ ಹಬ್ಬುತ್ತಿರುವ ಒಂದು ಹವ್ಯಾಸವನ್ನು ಕಂಡು, ಅದರ ವಿಷಯವಾಗಿ ನಾಲ್ಕು ಮಾತು ಹೇಳದೆ ಇರಲಾರದವನಾಗಿದ್ದೇನೆ. ಮನೆಯಲ್ಲಿಯೇ ವೆಲ್ಡಿಂಗ್ ಯಂತ್ರವನ್ನಿಟ್ಟುಕೊಂಡು, ಕಬ್ಬಿಣವನ್ನು ಕೊಯ್ದು ಬೆಸೆದು, ಬೇಕಾದ ವಸ್ತುಗಳನ್ನು ತಾವೇ ಮಾಡಿಕೊಳ್ಳುವುದೇ ಆ ಹವ್ಯಾಸ. ಬ್ಯಾಂಕಿನ ಸೇವೆಯಿಂದ ನಿವೃತ್ತರಾದವರೊಬ್ಬರು ಮಾಳಿಗೆಯ ಮೇಲೆ ಹೂಕುಂಡಗಳಿಗೆ ಹಂತಹಂತವಾದ ಸ್ಟ್ಯಾಂಡನ್ನು ಮಾಡಿದ್ದಾರೆ. ಗಣಿತದ ಅಧ್ಯಾಪಕರೊಬ್ಬರು ಪುಸ್ತಕದ ಕಪಾಟು ಮಾಡಿಕೊಂಡಿದ್ದಾರೆ. ಹಳೆಯ ವಿದ್ಯಾರ್ಥಿನಿಯೊಬ್ಬಳು ಹೊಲದ ಮನೆಯ ದನಗಳಿಗೆ ಗೋದಲಿಯ ಚೌಕಟ್ಟನ್ನು ತಾನೇ ಬೆಸೆದು ನಿಲ್ಲಿಸಿದ್ದಾಳೆ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಇದನ್ನು ಗುರುವಿಲ್ಲದೆ ಕಲಿಯುತ್ತಿರುವ ಬಗೆಯನ್ನು ಮೆಚ್ಚಲಾರೆ. ಈ ಎರಡು ಮಾತುಗಳನ್ನೂ ಒಟ್ಟಿಗೆ ನಿವೇದಿಸಿಕೊಳ್ಳುವುದು ಈ ಬರಹದ ಉದ್ದೇಶ.

ಪಂಡಿತನಿಗೂ ಕಬ್ಬಿಣಕ್ಕೂ ಏನು ಸಂಬಂಧವೆಂದು ವಾಚಕ ಮಹಾಶಯರು ಕೇಳಬಹುದು. ನಮ್ಮ ಓಣಿಯ ತುದಿಯಲ್ಲಿ ಒಂದು ವೆಲ್ಡಿಂಗ್ ಅಂಗಡಿಯಿದೆ. ಅದರ ಉಸ್ತಾದರು ಮೂವತ್ತು ವರ್ಷ ಈ ಕೆಲಸದಲ್ಲಿ ಪಳಗಿದವರು. ಸಂಜೆಯ ಹೊತ್ತು ಅಲ್ಲಿ ಕುಳಿತು ಕೆಲಸ ನೋಡುವುದು, ಮಾತು ಕೇಳುವುದು ನನಗೆ ಬಹುಕಾಲದ ರೂಢಿ. ಮೇಲಾಗಿ, ಶಬ್ದಗಳ ಬೆನ್ನು ಹತ್ತಿದವನಿಗೆ ಈ ವೃತ್ತಿಯಲ್ಲಿ ಎಷ್ಟು ಸಂಪತ್ತಿದೆಯೆಂಬುದನ್ನು ಬಲ್ಲವರೇ ಬಲ್ಲರು. ಕುಲುಮೆ, ತಿದಿ, ಇಕ್ಕುಳ, ಚಾಣ, ಅರ ಇವೆಲ್ಲ ನಮ್ಮ ಅಚ್ಚ ಕನ್ನಡದ ಮಾತುಗಳು. ವೆಲ್ಡಿಂಗ್ ಮಾಡಿದ ಮೇಲೆ ಬೆಸುಗೆಯ ಮೇಲೆ ಗಾಜಿನಂತೆ ಕಟ್ಟುವ ಹೊಪ್ಪಳೆಯನ್ನು ಈಗಿನ ಹುಡುಗರು ‘ಸ್ಲ್ಯಾಗ್’ ಎನ್ನುತ್ತಾರೆ. ಲೋಹವನ್ನು ಕಾಸಿದಾಗ ಬೇರ್ಪಡುವ ಕಲ್ಮಷಕ್ಕೆ ‘ಕಿಟ್ಟ’ ಎಂಬ ಮಾತು ನಮ್ಮಲ್ಲಿ ಮೊದಲಿನಿಂದಲೂ ಇದೆ. ಇನ್ನು ‘ಉಕ್ಕು’ ಎಂಬ ಮಾತಿನ ಕಥೆ ಪ್ರಸಿದ್ಧವಾದುದು. ೧೭೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಎಂಬ ವೈದ್ಯನು ಭಾರತದ ‘ವೂಟ್ಸ್’ ಎಂಬ ಲೋಹವನ್ನು ಕುರಿತು ಪ್ರಬಂಧವನ್ನು ಮಂಡಿಸಿದನು. ಆ ‘ವೂಟ್ಸ್’ ಎಂಬುದು ನಮ್ಮ ‘ಉಕ್ಕು’ ಶಬ್ದದ ಅಪಭ್ರಂಶವೆಂದು ಹಲವು ವಿದ್ವಾಂಸರ ಮತ. ‘ಹವ್ಯಾಸ’ ಎಂಬ ಮಾತನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಕನ್ನಡದಲ್ಲಿ ಅದು ಬಿಡುವಿನ ವೇಳೆಯ ಪ್ರಿಯವಾದ ಅಭ್ಯಾಸ. ನೆರೆಯ ಮರಾಠಿಯಲ್ಲಿ ಅದೇ ಮಾತಿಗೆ ಅತಿಯಾದ ಆಸೆ, ಹಪಹಪಿ ಎಂಬ ಅರ್ಥ. ಯಂತ್ರವನ್ನು ಕೊಂಡ ಮೊದಲ ತಿಂಗಳಲ್ಲಿ ನಮ್ಮವರನ್ನು ನೋಡಿದರೆ ಮರಾಠಿಯ ಅರ್ಥವೇ ಸರಿಯೆನ್ನಿಸುತ್ತದೆ.

ಈ ಹವ್ಯಾಸ ಮನೆಯೊಳಗೆ ಬಂದದ್ದು ಹೇಗೆಂಬುದನ್ನು ಸ್ವಲ್ಪ ನೋಡೋಣ. ಹಿಂದೆ ಎರಡು ಕಬ್ಬಿಣದ ತುಂಡುಗಳನ್ನು ಬೆಸೆಯಬೇಕಾದರೆ ಕಮ್ಮಾರನು ಅವನ್ನು ಕುಲುಮೆಯಲ್ಲಿ ಬೆಳ್ಳಗೆ ಕಾಸಿ, ಬಿಳಿಗಾರವನ್ನೋ ಮರಳನ್ನೋ ಉದುರಿಸಿ, ಒಂದರ ಮೇಲೊಂದಿಟ್ಟು ಬಡಿಯಬೇಕಾಗಿತ್ತು. ದೆಹಲಿಯ ಸುಪ್ರಸಿದ್ಧ ಕಬ್ಬಿಣದ ಸ್ತಂಭ ಸುಮಾರು ೧,೬೦೦ ವರ್ಷಗಳ ಹಿಂದೆ ಈ ಕ್ರಮದಿಂದಲೇ, ಬಿಸಿ ಕಬ್ಬಿಣದ ಮುದ್ದೆಗಳನ್ನು ಬಡಿದು ಕೂಡಿಸಿದ್ದರಿಂದ ನಿರ್ಮಾಣವಾದದ್ದು. ವಿದ್ಯುತ್ತಿನ ಕಿಡಿಯಿಂದ ಬೆಸೆಯುವ ವಿದ್ಯೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹುಟ್ಟಿತು. ೧೮೮೦ರ ದಶಕದಲ್ಲಿ ಬೆನಾರ್ಡೋಸ್ ಎಂಬಾತನು ಇಂಗಾಲದ ಕಡ್ಡಿಯಿಂದಲೂ, ಸ್ಲಾವ್ಯಾನೋವ್ ಎಂಬಾತನು ತಾನೇ ಕರಗಿ ಸೇರುವ ಲೋಹದ ಕಡ್ಡಿಯಿಂದಲೂ ಇದನ್ನು ಸಾಧಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ವೀಡನ್ ದೇಶದ ಶೆಲ್‌ಬೆರಿ ಎಂಬುವನು ಆ ಕಡ್ಡಿಗೆ ಲೇಪವನ್ನು ಕೊಟ್ಟನು. ಇಂದು ನಮ್ಮ ಪೇಟೆಯಲ್ಲಿ ದೊರೆಯುವ ಲೇಪದ ರಾಡು ಆ ವಂಶದ್ದೇ. ಆದರೂ ಯಂತ್ರ ಮಾತ್ರ ಮನೆಗೆ ಬರುವಂತಿರಲಿಲ್ಲ. ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರವನ್ನು ಎತ್ತಲು ಇಬ್ಬರು ಆಳುಗಳು ಬೇಕಾಗಿದ್ದರು. ಈಗಿನ ‘ಇನ್ವರ್ಟರ್’ ಬಗೆಯ ಯಂತ್ರ ವಿದ್ಯುತ್ತನ್ನು ಕ್ಷಣಕ್ಕೆ ಸಾವಿರಾರು ಸಲ ಹೊರಳಿಸಿ ಬಳಸುವುದರಿಂದ ಅದರೊಳಗಿನ ಟ್ರಾನ್ಸ್‌ಫಾರ್ಮರ್ ಮುಷ್ಟಿಗಾತ್ರವಾಗಿ, ಇಡೀ ಯಂತ್ರ ಐದಾರು ಕಿಲೋ ತೂಕಕ್ಕೆ ಇಳಿದಿದೆ. ಹೆಗಲಿಗೆ ತೂಗುಹಾಕಿಕೊಂಡು ಮಾಳಿಗೆ ಹತ್ತಬಹುದು. ಎರಡೂವರೆ ಮಿಲಿಮೀಟರ್ ರಾಡಿಗೆ ೭೦ರಿಂದ ೯೦ ಆಂಪಿಯರ್ ಸಾಕಾಗುವುದರಿಂದ ಮನೆಯ ೧೬ ಆಂಪಿಯರ್‌ನ ಪವರ್ ಪ್ಲಗ್ಗಿಗೇ ಸಿಕ್ಕಿಸಿ ಕೆಲಸ ಮಾಡಬಹುದು. ಅದಕ್ಕಿಂತ ದಪ್ಪದ ರಾಡಿಗೆ ಕೈಹಾಕಿದರೆ ಮನೆಯ ತಂತಿಗಳು ಬಿಸಿಯೇರುತ್ತವೆ. ಈ ಒಂದು ಸಂಗತಿಯನ್ನು ಯಂತ್ರ ಮಾರುವವರು ಹೇಳುವುದು ಕಡಿಮೆ.

ಇನ್ನು ವಿದ್ಯೆಯ ವಿಷಯ. ಈ ವಿದ್ಯೆಯನ್ನು ಕಲಿಯುವವನು ಮೊದಲು ಎದುರಿಸುವುದು ಕಿಡಿ ಹೊತ್ತಿಸುವ ಕಷ್ಟವನ್ನು. ರಾಡು ಕಬ್ಬಿಣಕ್ಕೆ ಅಂಟಿಕೊಂಡು ಬಿಡುತ್ತದೆ, ಎಳೆದರೆ ಬಾರದು. ದೂರ ಹಿಡಿದರೆ ಕಿಡಿ ಆರುತ್ತದೆ. ರಾಡಿನ ದಪ್ಪ ಎಷ್ಟೋ ಅಷ್ಟೇ ಅಂತರದಲ್ಲಿ, ರಾಡು ಕರಗಿ ಗಿಡ್ಡವಾಗುತ್ತ ಹೋದಂತೆ ಕೈಯನ್ನೂ ಇಳಿಸುತ್ತ, ಒಂದೇ ವೇಗದಲ್ಲಿ ಸಾಗಬೇಕು. ಸರಿಯಾಗಿ ನಡೆದಾಗ ಕಾದ ಎಣ್ಣೆಯಲ್ಲಿ ಮಿರ್ಚಿ ಬೇಯುವಂತಹ ಸದ್ದು ಬರುತ್ತದೆ. ಉಸ್ತಾದರು ಬೆನ್ನು ತಿರುಗಿಸಿ ಕುಳಿತಿದ್ದರೂ ಶಿಷ್ಯನ ತಪ್ಪನ್ನು ಕಿವಿಯಿಂದಲೇ ಹಿಡಿಯುತ್ತಾರೆ. ಛಂದಸ್ಸು ತಪ್ಪಿದ ಪದ್ಯವನ್ನು ನಮ್ಮ ಗುರುಗಳು ಹಾಗೆಯೇ ಹಿಡಿಯುತ್ತಿದ್ದರು. ರಾಡಿನ ಮೇಲಿನ ‘ಇ ೬೦೧೩’ ಎಂಬ ಸಂಖ್ಯೆಯಲ್ಲಿಯೂ ಸಂಕೇತವಡಗಿದೆ. ಮೊದಲಿನ ಅರವತ್ತು ಎಂಬುದು ಬೆಸುಗೆ ತಾಳಬಲ್ಲ ಎಳೆತವನ್ನು ಸೂಚಿಸಿದರೆ, ಅದರ ಮುಂದಿನ ಒಂದು ಎಂಬುದು ರಾಡನ್ನು ಮಲಗಿಸಿ, ನಿಲ್ಲಿಸಿ, ತಲೆಯ ಮೇಲೆತ್ತಿ ಎಲ್ಲ ನಿಲುವಿನಲ್ಲಿಯೂ ಬಳಸಬಹುದೆಂದು ತಿಳಿಸುತ್ತದೆ. ಕೊನೆಯ ಅಂಕೆ ಲೇಪದ ಬಗೆಯನ್ನು ಹೇಳುತ್ತದೆ. ಸೂತ್ರಗಳನ್ನು ಬಾಯಿಪಾಠ ಮಾಡಿದ ನಮ್ಮಂತಹವರಿಗೆ ಈ ಮಿತಾಕ್ಷರ ಬಹಳ ಹಿಡಿಸುತ್ತದೆ.

ಎರಡನೆಯ ಕಷ್ಟ ಸೊಟ್ಟಗಾಗುವುದು. ಒಂದು ಮೀಟರು ಉದ್ದದ ಉಕ್ಕಿನ ಸರಳು ನೂರು ಡಿಗ್ರಿ ಬಿಸಿಯೇರಿದರೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಬೆಸುಗೆಯ ಜಾಗದಲ್ಲಿ ಉಕ್ಕು ಕರಗಬೇಕಾದರೆ ಸುಮಾರು ಸಾವಿರದ ಐನೂರು ಡಿಗ್ರಿ ಬೇಕು. ಕರಗಿದ ಲೋಹ ತಣಿಯುತ್ತ ಕುಗ್ಗುತ್ತದೆ, ಕುಗ್ಗುತ್ತ ತನ್ನ ಕಡೆಗೆ ಎಲ್ಲವನ್ನೂ ಎಳೆಯುತ್ತದೆ. ಮೂಲೆಮಟ್ಟ ಹಿಡಿದು ಚೌಕವಾಗಿಟ್ಟಿದ್ದ ಮೇಜಿನ ಚೌಕಟ್ಟು ಕೆಲಸ ಮುಗಿಯುವ ಹೊತ್ತಿಗೆ ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ಎತ್ತಿರುತ್ತದೆ. ಇದನ್ನು ತಿಳಿದವನು ಮೊದಲು ಎಲ್ಲ ಮೂಲೆಗಳಿಗೂ ಚುಕ್ಕೆಚುಕ್ಕೆಯಾಗಿ ಬೆಸುಗೆ ಕೊಟ್ಟು, ಕರ್ಣಗಳೆರಡನ್ನೂ ಟೇಪಿನಿಂದ ಅಳೆದು ಸಮವಿವೆಯೆಂದು ಕಂಡ ಮೇಲೆ, ಒಂದು ಮೂಲೆಯಾದೊಡನೆ ಅದರ ಎದುರು ಮೂಲೆಗೆ ಹೋಗಿ, ಹೀಗೆ ಸುತ್ತಿ ಬಂದು ಪೂರ್ತಿ ಮಾಡುತ್ತಾನೆ. ನಮ್ಮ ಗಣಿತದ ಅಧ್ಯಾಪಕರು ತರಗತಿಯಲ್ಲಿ ಆಯತದ ಕರ್ಣಗಳು ಸಮವೆಂದು ಇಪ್ಪತ್ತು ವರ್ಷ ಬೋಧಿಸಿದವರು. ಅದರ ಪ್ರಯೋಜನವನ್ನು ಕಪಾಟು ಮಾಡುವಾಗಲೇ ಕಣ್ಣಾರೆ ಕಂಡೆನೆಂದು ಅವರೇ ನನ್ನೊಡನೆ ಹೇಳಿದರು. ಆ ವರ್ಷದಿಂದ ಅವರ ಪಾಠದ ಧಾಟಿಯೇ ಬದಲಾಗಿದೆಯೆಂದು ಹುಡುಗರು ಹೇಳುತ್ತಾರೆ.

ಆದರೆ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವುದು ಮೂರನೆಯ ಕಷ್ಟವನ್ನು. ಅದು ಕಣ್ಣಿಗೆ ಕಾಣುವುದಿಲ್ಲ. ಒಂದು ಸಂಜೆ ಹವ್ಯಾಸಿ ಯುವಕನೊಬ್ಬನು ತಾನು ಬೆಸೆದ ಎರಡು ಪಟ್ಟಿಗಳನ್ನು ಅಂಗಡಿಗೆ ತಂದು ತೋರಿಸಿದನು. ಬೆಸುಗೆಯ ಸಾಲು ಒಂದರ ಮೇಲೊಂದು ನಾಣ್ಯ ಒರಗಿಸಿಟ್ಟಂತೆ ಬಹು ಸುಂದರವಾಗಿತ್ತು. ನನಗಂತೂ ದೋಷವೇನೂ ಕಾಣಲಿಲ್ಲ. ಉಸ್ತಾದರು ಅದನ್ನು ಇಕ್ಕಟ್ಟಿಗೆ ಸಿಕ್ಕಿಸಿ ಸುತ್ತಿಗೆಯಿಂದ ಒಂದೇ ಏಟು ಹಾಕಿದರು. ಪಟ್ಟಿ ಬಾಗಲಿಲ್ಲ, ಬೆಸುಗೆಯೇ ಕಿತ್ತು ಬಂದಿತು. ಒಳಗೆ ಒಂದು ಪಟ್ಟಿಯ ಅಂಚು ಕೊಯ್ದಾಗ ಹೇಗಿತ್ತೋ ಹಾಗೆಯೇ ಇತ್ತು. ನಡುವೆ ಕರಿಯ ಕಿಟ್ಟ ಸಿಕ್ಕಿಕೊಂಡಿತ್ತು. “ಗುರುಗಳ, ಇದು ಮ್ಯಾಲಷ್ಟ ಚಂದ ಐತ್ರಿ. ಒಳಗ ಹಿಡದಿಲ್ಲ,” ಎಂದು ಅವರು ನನ್ನ ಕಡೆ ತಿರುಗಿ ಹೇಳಿದರು. ಕಾವು ಸಾಲದೆ ಹೋದರೆ, ಕೈ ಅವಸರಪಟ್ಟರೆ, ಮೊದಲ ಸಾಲಿನ ಕಿಟ್ಟವನ್ನು ಕೆರೆದು ತೆಗೆಯದೆ ಎರಡನೆಯ ಸಾಲನ್ನೆಳೆದರೆ ಹೀಗಾಗುತ್ತದೆ. ಕರಗಿದ ರಾಡು ಮೇಲೆ ಮೇಣದಂತೆ ಕುಳಿತಿರುತ್ತದೆ, ಎರಡು ಕಬ್ಬಿಣಗಳು ಒಂದಾಗಿರುವುದಿಲ್ಲ.

ಪಾಠಶಾಲೆಯಲ್ಲಿ ನಾವು ಕಾವ್ಯವನ್ನು ರಾಗವಾಗಿ ಓದಿದರೆ ಗುರುಗಳು ಸಮಾಧಾನಪಡುತ್ತಿರಲಿಲ್ಲ. ಪದವನ್ನು ಬಿಡಿಸು, ಅನ್ವಯ ಹೇಳು ಎನ್ನುತ್ತಿದ್ದರು. ಬಿಡಿಸಿದಾಗಲೇ ನಮ್ಮ ಅರಿವಿನ ಟೊಳ್ಳು ಹೊರಬೀಳುತ್ತಿತ್ತು. ಬೆಸುಗೆ ಕಲಿಯುವವನಿಗೂ ಮುರಿದು ನೋಡುವುದೇ ಪಾಠ. ಗುಜರಿ ಅಂಗಡಿಯಿಂದ ಐದಾರು ಮಿಲಿಮೀಟರ್ ದಪ್ಪದ ಪಟ್ಟಿಗಳನ್ನು ತಂದು, ಒಂದರ ಮೇಲೊಂದು ನಿಲ್ಲಿಸಿ ಒಂದೇ ಮಗ್ಗುಲಿಗೆ ಬೆಸೆದು, ಬಡಿದು ಮುರಿದು, ಒಳಗನ್ನು ನೋಡಬೇಕು. ಇಂತಹ ನೂರು ತುಂಡುಗಳನ್ನು ಮುರಿಯದವನು ಒಂದು ವಸ್ತುವನ್ನೂ ಮಾಡಬಾರದೆಂಬುದು ಉಸ್ತಾದರ ಕಟ್ಟಳೆ. ಮನೆಯಲ್ಲಿ ಮೊಬೈಲಿನ ಚಿತ್ರಗಳನ್ನು ನೋಡಿ ಕಲಿಯುತ್ತಿರುವ ನಮ್ಮವರಲ್ಲಿ ಮುರಿದು ನೋಡಿದವರು ಎಷ್ಟು ಮಂದಿಯೋ! ಅವರು ಮೊದಲ ದಿನವೇ ತೆಳು ಚೌಕದ ಪೈಪನ್ನು ತಂದು, ಅದರಲ್ಲಿ ತೂತು ಕೊರೆದು, ಆ ತೂತನ್ನು ಮತ್ತೆ ರಾಡಿನಿಂದ ತುಂಬಿ, ಗ್ರೈಂಡರಿನಿಂದ ನುಣುಪು ಮಾಡಿ ಬಣ್ಣ ಬಳಿದುಬಿಡುತ್ತಾರೆ. ಬಣ್ಣದ ಕೆಳಗೇನಿದೆಯೆಂದು ಯಾರಿಗೆ ಗೊತ್ತು?

ಈ ಕಾರಣದಿಂದಲೇ ಇಲ್ಲಿ ಒಂದು ಅಪ್ರಿಯವಾದ ಮಾತನ್ನು ಹೇಳಬೇಕಾಗಿದೆ. ಹಳೆಯ ವಿದ್ಯಾರ್ಥಿಯೊಬ್ಬರು ತಾವೇ ಮನೆಯಲ್ಲಿ ಬೆಸೆದ ಜೋಕಾಲಿಯನ್ನು ನಮ್ಮ ಶಿಶುವಿಹಾರಕ್ಕೆ ದಾನವಾಗಿ ಕೊಡಲು ಮುಂದೆ ಬಂದರು. ಅವರ ಪ್ರೀತಿಯ ವಿಷಯದಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದಾಗ್ಯೂ ಅದನ್ನು ಸ್ವೀಕರಿಸಬಾರದೆಂದು ನಾನು ವಾದಿಸಿದೆನು. ಕೆಲವರಿಗೆ ಬೇಸರವೂ ಆಯಿತು. ಭೌತಶಾಸ್ತ್ರದ ಅಧ್ಯಾಪಕರು ಲೆಕ್ಕ ಹಾಕಿ ತೋರಿಸಿದಂತೆ, ಜೋಕಾಲಿ ಲಂಬದಿಂದ ೬೦ ಡಿಗ್ರಿಯವರೆಗೆ ಏರಿ ಇಳಿದರೆ ತಳದಲ್ಲಿ ಸರಪಳಿಯ ಮೇಲೆ ಮಗುವಿನ ತೂಕದ ಎರಡರಷ್ಟು ಎಳೆತ ಬೀಳುತ್ತದೆ. ಅದೂ ಒಂದು ಸಲವಲ್ಲ, ದಿನಕ್ಕೆ ಸಾವಿರ ಸಲ. ನಿಂತ ಭಾರವನ್ನು ವರ್ಷಗಟ್ಟಲೆ ಹೊರಬಲ್ಲ ಬೆಸುಗೆಯೂ ಹೀಗೆ ಬಿಟ್ಟುಬಿಟ್ಟು ಬೀಳುವ ಭಾರಕ್ಕೆ ಕೂದಲಿನಷ್ಟು ಬಿರುಕು ಬಿಟ್ಟು, ಆ ಬಿರುಕು ಬೆಳೆದು ಒಂದು ದಿನ ಕೈಕೊಡುತ್ತದೆ. ಹೂಕುಂಡದ ಸ್ಟ್ಯಾಂಡು ಮುರಿದರೆ ಒಂದು ಕುಂಡ ಹೋಯಿತು. ಆದ್ದರಿಂದ ಮಕ್ಕಳ ಆಟದ ಸಾಮಾನು, ಮಾಳಿಗೆಯ ಕಟಕಟೆ, ಏಣಿ, ಭಾರವಾದ ಗೇಟು, ವಾಹನದ ಚಾಸಿ ಇವುಗಳನ್ನು ಹವ್ಯಾಸಿಗಳು ಮುಟ್ಟದಿರುವುದು ಲೇಸು. ಡೀಸೆಲ್ಲಿನ ಹಳೆಯ ಪೀಪಾಯಿಯಂತೂ ಬರಿದಾಗಿ ಕಂಡರೂ ಬರಿದಲ್ಲ. ಒಳಗುಳಿದ ಆವಿಗೆ ಕಿಡಿ ತಗುಲಿದರೆ ಅದೊಂದು ಸಿಡಿಮದ್ದೇ ಸರಿ.

ಮೈಯ ಅಪಾಯಗಳನ್ನು ಕುರಿತು ಹೇಳದೆ ಮುಂದೆ ಹೋಗಲಾಗದು. ಕಿಡಿಯ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ತಂಪು ಕನ್ನಡಕದಿಂದ ಅವು ಸಂಪೂರ್ಣವಾಗಿ ನಿಲ್ಲುವುದಿಲ್ಲ; ಹತ್ತು ಅಥವಾ ಹನ್ನೊಂದನೆಯ ಸಂಖ್ಯೆಯ ಕಪ್ಪುಗಾಜಿನ ಮುಖಕವಚ ಬೇಕೇ ಬೇಕು. ಪೆಟ್ಟು ಆ ಕ್ಷಣದಲ್ಲಿ ತಿಳಿಯುವುದಿಲ್ಲವೆಂಬುದೇ ಇದರ ವಂಚನೆ. ಕೆಲವು ತಾಸುಗಳ ಮೇಲೆ, ಬಹುಧಾ ರಾತ್ರಿ ಮಲಗಿದ ಮೇಲೆ, ಕಣ್ಣಿನಲ್ಲಿ ಮರಳು ಹೊಯ್ದಂತೆ ಉರಿಯೇಳುತ್ತದೆ. ಆಲೂಗಡ್ಡೆಯ ಹೋಳನ್ನು ಕಣ್ಣಿಗೆ ಕಟ್ಟಿಕೊಂಡು ಬೆಳಗು ಮಾಡುವವರಿದ್ದಾರೆ. ಕಣ್ಣಿನ ವೈದ್ಯರ ಬಳಿಗೆ ಹೋಗುವುದು ಸರಿಯಾದ ದಾರಿ. ಬೆಸೆಯುವವನಿಗಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ಬೆರಗಿನಿಂದ ನೋಡುವ ಮೊಮ್ಮಗನಿಗೂ ಈ ಪೆಟ್ಟು ಬೀಳುತ್ತದೆ. ಅಜ್ಜನಿಗೆ ಕವಚವಿರುತ್ತದೆ, ಮೊಮ್ಮಗನಿಗಿರುವುದಿಲ್ಲ.

ಹೊಗೆಯೂ ಸಾಮಾನ್ಯದ್ದಲ್ಲ. ತವರ ಬಳಿದ ಪೈಪೆಂದು ನಾವು ಕರೆಯುವ ಜಿ.ಐ. ಪೈಪಿನ ಮೇಲಿರುವುದು ವಾಸ್ತವವಾಗಿ ತವರವಲ್ಲ, ಸತು. ಅದನ್ನು ಕೆರೆದು ತೆಗೆಯದೆ ಬೆಸೆದರೆ ಬಿಳಿಯ ಹೊಗೆಯೇಳುತ್ತದೆ. ಅದನ್ನು ಉಸಿರಾಡಿದವನಿಗೆ ಕೆಲವು ತಾಸುಗಳಲ್ಲಿ ಮಲೇರಿಯದಂತೆ ಚಳಿಜ್ವರ, ಮೈಕೈ ನೋವು ಬರುತ್ತವೆ. ಹಾಲು ಕುಡಿದರೆ ಇದು ಬಾಧಿಸುವುದಿಲ್ಲವೆಂಬ ನಂಬಿಕೆ ವೆಲ್ಡಿಂಗಿನವರಲ್ಲಿದೆ. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ! ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೧೭ರಲ್ಲಿ ವೆಲ್ಡಿಂಗಿನ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದೆ. ಮುಚ್ಚಿದ ಕೋಣೆಯಲ್ಲಿ, ಮೆಟ್ಟಿಲಿನ ಕೆಳಗೆ, ಅಡುಗೆಮನೆಯ ಹಿಂದಿನ ಸಂದಿಯಲ್ಲಿ ಈ ಕೆಲಸವನ್ನು ಮಾಡುವವರು ಇದನ್ನು ನೆನಪಿನಲ್ಲಿಡಬೇಕು. ಉಡುಪಿನ ವಿಷಯದಲ್ಲಿ ಒಂದೇ ಮಾತು. ಪಂಚೆ, ಶಲ್ಯ, ನೈಲಾನಿನ ಅಂಗಿ, ಹವಾಯಿ ಚಪ್ಪಲಿ ಇವು ಸಭೆಗೋ ಸಂತೆಗೋ ಸರಿ. ನೈಲಾನು ಕಿಡಿಗೆ ಕರಗಿ ಚರ್ಮಕ್ಕಂಟುತ್ತದೆ. ನಿಮಿಷಕ್ಕೆ ಸುಮಾರು ೧೧,೦೦೦ ಸುತ್ತು ತಿರುಗುವ ಗ್ರೈಂಡರು ಶಲ್ಯದ ಸೆರಗನ್ನು ಕ್ಷಣದಲ್ಲಿ ಸುತ್ತಿಕೊಳ್ಳುತ್ತದೆ. ಮಳೆಯಲ್ಲಿ, ಹಸಿ ನೆಲದ ಮೇಲೆ, ಬೆವೆತ ಬರಿಗೈಯಿಂದ ರಾಡು ಹಿಡಿಯುವುದು ಪ್ರಾಣಕ್ಕೆ ಎರವಾದೀತು.

ಈ ಹವ್ಯಾಸವು ಬಡ ಕಸುಬುದಾರರ ಅನ್ನವನ್ನು ಕಸಿಯುವುದಿಲ್ಲವೇ ಎಂಬುದು ನಮ್ಮ ಸಹೋದ್ಯೋಗಿಯೊಬ್ಬರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿದೆ. ಒಂದು ಕಿಟಕಿಯ ಸರಳು ಬೆಸೆಸಲು ಬರುತ್ತಿದ್ದ ಗಿರಾಕಿ ಇನ್ನು ಬಾರನು. ಆದರೆ ನಾನು ಕಂಡಂತೆ, ತಾನೇ ನಾಲ್ಕು ದಿನ ಬೆವರಿಳಿಸಿ ಒಂದು ಸ್ಟೂಲು ಮಾಡಿದವನು ಅಂಗಡಿಯಲ್ಲಿ ಚೌಕಾಸಿ ಮಾಡುವುದನ್ನು ಬಿಡುತ್ತಾನೆ. ಒಳಗೆ ಹಿಡಿದ ಬೆಸುಗೆಗೂ ಮೇಲೆ ಕುಳಿತ ಬೆಸುಗೆಗೂ ಇರುವ ಅಂತರವನ್ನು ಬಲ್ಲ ಗಿರಾಕಿ ಒಳ್ಳೆಯ ಕಸುಬುದಾರನಿಗೆ ಲಾಭವೇ ಹೊರತು ನಷ್ಟವಲ್ಲ. ಅಕ್ಷರಸ್ಥರಾದ ನಾವು ಕೈಕೆಲಸದವರನ್ನು ಜಗಲಿಯಾಚೆ ನಿಲ್ಲಿಸಿ ಕೂಲಿ ಎಣಿಸಿದ ಕಾಲ ಬಹಳ ದೀರ್ಘವಾಯಿತು. ಅವರ ಮುಂದೆ ಶಿಷ್ಯರಾಗಿ ಕುಳಿತುಕೊಳ್ಳಲು ಒಂದು ಹವ್ಯಾಸ ನೆಪವಾಗುವುದಾದರೆ ಆಗಲಿ.

೧೯೩೭ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕವೇ ಶಿಕ್ಷಣ ನಡೆಯಬೇಕೆಂದು ಪ್ರತಿಪಾದಿಸಿದರು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿತನ, ಲೋಹದ ಕೆಲಸ, ಕುಂಬಾರಿಕೆಯಂತಹ ಕಸುಬುಗಳನ್ನು ಸ್ಥಳೀಯ ಕಸುಬುದಾರರಿಂದ ಕಲಿಯಬೇಕೆಂದು ಬರೆದಿದೆ. ಬರೆದದ್ದು ಬಹಳ, ಆದದ್ದು ಅಲ್ಪ. ಚಿಕ್ಕ ಮಕ್ಕಳಿಗೆ ಬೆಸುಗೆಯನ್ನು ಕಲಿಸಬೇಕೆಂದು ನಾನು ಹೇಳಲಾರೆ. ಹದಿನೆಂಟು ತುಂಬದವರ ಕೈಗೆ ರಾಡು ಕೊಡಕೂಡದೆಂಬುದೇ ನನ್ನ ಖಚಿತವಾದ ಅಭಿಪ್ರಾಯ. ಅವರಿಗೆ ಅರದಿಂದ ಉಜ್ಜುವುದು, ಹ್ಯಾಕ್ಸಾದಿಂದ ಕೊಯ್ಯುವುದು, ಅಳೆದು ಗೆರೆ ಹಾಕುವುದು, ತಗಡು ಮಡಿಸಿ ರಿವೆಟ್ಟು ಬಡಿಯುವುದು ಇಷ್ಟು ಸಾಕು. ಬೆಸುಗೆ ಬೇಕಾಗಿರುವುದು ಈಗಾಗಲೇ ಮನೆಯಲ್ಲಿ ಯಂತ್ರವನ್ನಿಟ್ಟುಕೊಂಡಿರುವ ಹಿರಿಯರಿಗೆ.

ಹಾಗಾಗಿ ದಾನಿ ಮಹನೀಯರಲ್ಲಿ ನನ್ನದೊಂದು ಬಿನ್ನಹವಿದೆ. ಸಭಾಭವನಕ್ಕೂ ಮಹಾದ್ವಾರಕ್ಕೂ ತಾವು ಧಾರಾಳವಾಗಿ ಕೊಟ್ಟಿದ್ದೀರಿ; ತಮ್ಮ ಹೆಸರುಗಳು ಅಮೃತಶಿಲೆಯ ಮೇಲೆ ಶೋಭಿಸುತ್ತಿವೆ. ಶ್ರೀಮಠದ ಹಿಂಭಾಗದಲ್ಲಿರುವ ಹಳೆಯ ಬಂಡಿಮನೆ ಈಗ ಬರಿದಾಗಿ ನಿಂತಿದೆ. ಮೂರು ಕಡೆ ತೆರೆದಿರುವುದರಿಂದ ಹೊಗೆ ತಾನಾಗಿಯೇ ಹೊರಗೆ ಹೋಗುತ್ತದೆ. ನೆಲ ಗಟ್ಟಿಯಾಗಿದೆ, ಸುತ್ತ ಹುಲ್ಲಿಲ್ಲ. ಅಲ್ಲಿ ಒಂದು ದಪ್ಪ ಕಬ್ಬಿಣದ ಮೇಜು, ಎರಡು ಇನ್ವರ್ಟರ್ ಯಂತ್ರಗಳು, ಸರಿಯಾದ ಅರ್ಥಿಂಗ್ ಇರುವ ಪ್ರತ್ಯೇಕ ವಿದ್ಯುತ್ ಮಾರ್ಗ, ಆರು ಮುಖಕವಚಗಳು, ಚರ್ಮದ ಕೈಗವಸುಗಳು, ನೋಡುವವರಿಗೆ ಅಡ್ಡವಾಗಿ ಒಂದು ತಗಡಿನ ಮರೆ, ಮರಳಿನ ಬಕೆಟ್ಟುಗಳು, ಮಳೆಗಾಲದಲ್ಲಿ ರಾಡುಗಳು ತೇವ ಹಿಡಿಯದಂತೆ ಒಂದು ಬಿಗಿಯಾದ ಪೆಟ್ಟಿಗೆ ಇಷ್ಟಾದರೆ ಸಾಕು. ಭಾನುವಾರ ಬೆಳಗ್ಗೆ ಎರಡು ತಾಸು ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ಬಂದು ಕಲಿಯಲಿ. ಉಸ್ತಾದರೊಡನೆ ನಾನು ಮಾತನಾಡಿದ್ದೇನೆ, ಅವರು ಒಪ್ಪಿದ್ದಾರೆ. ತಿಂಗಳಿಗೆ ಗೌರವಧನವನ್ನು ನಿಗದಿಮಾಡಿ ಅವರ ಹೆಸರನ್ನು ಅಧ್ಯಾಪಕ ವೃಂದದ ಪಟ್ಟಿಯಲ್ಲಿಯೇ ಸೇರಿಸಬೇಕೆಂದು ಆಡಳಿತ ಮಂಡಳಿಯವರಿಗೆ ಪತ್ರ ಬರೆದುಕೊಟ್ಟಿದ್ದೇನೆ. ಮೊದಲ ಮೂರು ತಿಂಗಳು ಯಾರೂ ಏನನ್ನೂ ಮಾಡುವಂತಿಲ್ಲ, ಬೆಸೆದದ್ದನ್ನೆಲ್ಲ ಮುರಿಯತಕ್ಕದ್ದು ಎಂಬುದು ಅವರು ಹಾಕಿರುವ ಒಂದೇ ಷರತ್ತು. ಮುರಿಯಲು ಬೇಕಾಗುವ ಪಟ್ಟಿಯ ತುಂಡುಗಳನ್ನು ಗುಜರಿ ಅಂಗಡಿಯಿಂದ ತರುವ ಹೊಣೆಯನ್ನು ನಮ್ಮ ಗಣಿತದ ಅಧ್ಯಾಪಕರು ವಹಿಸಿಕೊಂಡಿದ್ದಾರೆ.